ಹಳೆಯ ಮಾರಿಯೋ, ಕಾಂಟ್ರಾ ಈಗ ಆಡಿದರೆ ಯಾಕೆ ಮೊದಲಿನ ಹಾಗಿಲ್ಲ?

ನಿಮ್ಮ ಪ್ರಶ್ನೆ ಇದು: ತೊಂಬತ್ತರ ದಶಕದಲ್ಲಿ ಡಬ್ಬಾ ಟಿವಿಗೆ ಹಾಕಿ ಸಲೀಸಾಗಿ ಆಡುತ್ತಿದ್ದ ಮಾರಿಯೋ, ಕಾಂಟ್ರಾ ಈಗ ಲ್ಯಾಪ್‌ಟಾಪಿನಲ್ಲೋ ದೊಡ್ಡ ಎಲ್‌ಇಡಿ ಟಿವಿಯಲ್ಲೋ ಆಡಿದರೆ ವಿಪರೀತ ಕಷ್ಟ ಅನಿಸುತ್ತದೆ. ವಯಸ್ಸಾಯಿತೋ, ಇಲ್ಲ ಆಗಿನ ಗೇಮ್‌ಗಳೇ ಅಷ್ಟಕ್ಕಷ್ಟೆಯೋ?

ಎರಡೂ ಅಲ್ಲ. ನೀವು ಆಗ ಆಡಿದ್ದು ನಿಧಾನದ ಮಾರಿಯೋ. ಈಗ ಆಡುತ್ತಿರುವುದು ಅದಕ್ಕಿಂತ ಶೇ. 20ರಷ್ಟು ವೇಗದ್ದು, ಅದೂ ಬಟನ್ ಒತ್ತಿದ ಮೇಲೆ ತಡವಾಗಿ ಸ್ಪಂದಿಸುವ ಟಿವಿಯಲ್ಲಿ. ವಯಸ್ಸಿನ ಪಾಲು ಇದ್ದರೂ ಆಮೇಲಿನದು.

ಆಗ ನಮ್ಮಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತಿದ್ದ ಟಿವಿ ಗೇಮ್ ಪೆಟ್ಟಿಗೆಗಳು ಹೆಚ್ಚಾಗಿ ನಿಂಟೆಂಡೊದ ಫ್ಯಾಮಿಕಾಮ್‌ನ ತದ್ರೂಪುಗಳು. ಫ್ಯಾಮಿಕಾಮ್ ಜಪಾನಿನಲ್ಲಿ 1983ರ ಜುಲೈನಲ್ಲಿ ಬಂತು. ಅದರಲ್ಲಿ ಕ್ಯಾಸೆಟ್ ಅಸಲಿಯೋ ನಕಲಿಯೋ ಎಂದು ನೋಡುವ ಬೀಗದ ಚಿಪ್ ಇರಲಿಲ್ಲ. 1985ರಲ್ಲಿ ಅಮೆರಿಕಕ್ಕೆ ಕಳಿಸಿದ ಎನ್‌ಇಎಸ್‌ನಲ್ಲಿ (ಫ್ಯಾಮಿಕಾಮ್‌ನದೇ ಹೊರದೇಶದ ರೂಪ) ಆ ಚಿಪ್ ಸೇರಿಸಿದರು. ಹಾಗಾಗಿ ನಕಲು ಮಾಡುವವರು ಹಿಡಿದದ್ದು ಜಪಾನಿ ಯಂತ್ರವನ್ನೇ. ನಮ್ಮ ಕ್ಯಾಸೆಟ್‌ಗಳಲ್ಲಿ ಇರುವುದು 60 ಪಿನ್, ಅಮೆರಿಕದವಕ್ಕೆ 72.

ಈಗ ವೇಗದ ಲೆಕ್ಕ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50. ಈ ಗೇಮ್‌ಗಳ ಒಳಗೆ ಬೇರೆ ಗಡಿಯಾರ ಇಲ್ಲ, ಪ್ರತಿ ಚಿತ್ರಕ್ಕೆ ಒಂದು ಹೆಜ್ಜೆ ಅಷ್ಟೆ. ಮಾರಿಯೋ ಓಡುವುದು, ಗುಂಡು ಹಾರುವುದು, ಹಾಡಿನ ತಾಳ, ಎಲ್ಲವೂ ಅದರ ಮೇಲೆಯೇ. 60ಕ್ಕೆಂದು ಬರೆದ ಪ್ರೋಗ್ರಾಮನ್ನು ಒಂದಕ್ಷರವೂ ಬದಲಿಸದೆ 50ರ ಯಂತ್ರದಲ್ಲಿ ಓಡಿಸಿದರೆ ಆರರಲ್ಲಿ ಒಂದು ಪಾಲು ವೇಗ ಹೋಗುತ್ತದೆ. ತೈವಾನಿನ ಯುಎಂಸಿ ಕಂಪನಿ ಪಾಲ್ ದೇಶಗಳಿಗೆಂದೇ ಇಂಥ ಚಿಪ್ ಜೋಡಿ ಮಾಡಿತ್ತು: ಯುಎ6527ಪಿ ಮತ್ತು ಯುಎ6538. ಪ್ರೊಸೆಸರ್ ಗಡಿಯಾರವನ್ನು ಹೆಚ್ಚುಕಡಿಮೆ ಜಪಾನಿನಷ್ಟೇ (1.79ರ ಬದಲು 1.77 ಮೆಗಾಹರ್ಟ್ಸ್) ಇಟ್ಟು, ಪರದೆಗೆ ಮಾತ್ರ 50 ಕೊಟ್ಟರು. ಇದರಿಂದ ಹಾಡು ನಿಧಾನವಾಯಿತು, ಶ್ರುತಿ ಇಳಿಯಲಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಅಟ್ಟದ ಮೇಲೆ ಹಳೆ ಪೆಟ್ಟಿಗೆ ಇದ್ದರೆ ಪರೀಕ್ಷೆ ಸುಲಭ. ಸೂಪರ್ ಮಾರಿಯೋ ಹಾಕಿ, ಮೊದಲ ಹಂತ (1-1) ಶುರುವಾದ ಕೂಡಲೇ ಕಂಟ್ರೋಲರ್ ಕೆಳಗಿಡಿ. ಮಾರಿಯೋ ನಿಂತಲ್ಲೇ ನಿಂತಿರಲಿ. ಮೇಲೆ ಬಲಗಡೆ ಟೈಮ್ 400ರಿಂದ ಇಳಿಯುತ್ತದೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 400ರಿಂದ 300ಕ್ಕೆ ಎಷ್ಟು ಹೊತ್ತು ಅಂತ ನೋಡಿ. ಆ ಎಣಿಕೆಯ ಒಂದೊಂದು ಅಂಕಿಗೂ 24 ಫ್ರೇಮ್ (ಪರದೆಯ ಒಂದೊಂದು ಚಿತ್ರವೇ ಫ್ರೇಮ್), ನೂರಕ್ಕೆ 2400. 40 ಸೆಕೆಂಡ್ ಬಂದರೆ 60ರ ಯಂತ್ರ, 48 ಬಂದರೆ 50ರದ್ದು. ಪೆಟ್ಟಿಗೆಯ ಮೇಲೆ ಏನು ಬರೆದಿದೆ ಅನ್ನುವುದನ್ನು ನಂಬುವುದಕ್ಕಿಂತ ಇದು ಎಷ್ಟೋ ಮೇಲು.

ಇದಕ್ಕೆ ಟಿವಿಯ ತಡವನ್ನೂ ಸೇರಿಸಿ. ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಗೆರೆ ಎಳೆಯುತ್ತಾ ಹೋಗುತ್ತದೆ, ನಡುವೆ ಏನೂ ಇಲ್ಲ. ಈಗಿನ ಟಿವಿ ಚಿತ್ರವನ್ನು ಮೊದಲು ಮೆಮೊರಿಗೆ ತೆಗೆದುಕೊಂಡು, ಹಿಗ್ಗಿಸಿ, ಬಣ್ಣ ತಿದ್ದಿ ಆಮೇಲೆ ತೋರಿಸುತ್ತದೆ. ಈ ತಿದ್ದುಪಡಿಗಳನ್ನು ಕಡಿಮೆ ಮಾಡುವ ‘ಗೇಮ್ ಮೋಡ್’ ಸೆಟ್ಟಿಂಗ್ ಹಾಕದಿದ್ದರೆ 100 ಮಿಲಿಸೆಕೆಂಡ್ ತಡ ಆಗುವುದು ಅಪರೂಪವೇನಲ್ಲ. ಕಾಂಟ್ರಾದಲ್ಲಿ ಒಂದು ಗುಂಡು ಕಂಡು, ನಿಮಗೆ ತಾಗುವ ಮೊದಲು 30 ಫ್ರೇಮ್ ಸಿಗುತ್ತದೆ ಅಂದುಕೊಳ್ಳಿ. ಆಗ ಅದು 600 ಮಿಲಿಸೆಕೆಂಡ್. ಈಗ 60ರ ವೇಗದಲ್ಲಿ 500, ಟಿವಿಯ 100 ಕಳೆದರೆ 400. ತಪ್ಪಿಸಿಕೊಳ್ಳುವ ಸಮಯದಲ್ಲಿ ಮೂರರಲ್ಲೊಂದು ಪಾಲು ಹೋಯಿತು. ಒಂದು ಗುಂಡು ತಾಗಿದರೆ ಜೀವ ಹೋಗುವ ಗೇಮ್ ಅದು, ಇರುವುದೇ ಮೂರು ಜೀವ.

ಸರಿ ಮಾಡುವುದು ಹೇಗೆ? ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮಿನಲ್ಲಿ) ಆಡುತ್ತಿದ್ದರೆ ಮೆಸೆನ್ ಅಥವಾ ಎಫ್‌ಸಿಇಯುಎಕ್ಸ್ ತೆಗೆದುಕೊಳ್ಳಿ. ಎರಡರಲ್ಲೂ ರೀಜನ್ ಅನ್ನುವ ಆಯ್ಕೆ ಇದೆ. ಅಲ್ಲಿ ‘ಪಾಲ್’ ಒತ್ತಬೇಡಿ, ‘ಡೆಂಡಿ’ ಒತ್ತಿ. 1992ರಲ್ಲಿ ರಷ್ಯಾದಲ್ಲಿ ಬಂದ ತದ್ರೂಪಿ ಯಂತ್ರದ ಹೆಸರು ಅದು, ಅದರ ಒಳಗೆ ಇದ್ದದ್ದೂ ಇದೇ ಬಗೆಯ ಚಿಪ್. ‘ಪಾಲ್’ ಅಂದರೆ ಯುರೋಪಿನ ಅಸಲಿ ಎನ್‌ಇಎಸ್. ಅದರ ಪ್ರೊಸೆಸರ್ 1.66 ಮೆಗಾಹರ್ಟ್ಸ್ ಆದ್ದರಿಂದ ಹಾಡು ಒಂದು ಸ್ವರಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಕೆಳಗಿಳಿಯುತ್ತದೆ, ಕೆಲವು ಗೇಮ್‌ಗಳ ಚಿತ್ರವೂ ಕೆಡುತ್ತದೆ. ಹಲವು ಎಮ್ಯುಲೇಟರ್‌ಗಳನ್ನು ಒಂದೆಡೆ ಸೇರಿಸಿದ ರೆಟ್ರೋಆರ್ಚ್ ಬಳಸುವವರಿಗೆ ಎಫ್‌ಸಿಇಯುಎಂಎಂ ಕೋರ್‌ನಲ್ಲೂ ಡೆಂಡಿ ಇದೆ.

ಇಷ್ಟಕ್ಕೇ ಬಿಟ್ಟರೆ ಹೊಸ ತೊಂದರೆ: ಸೆಕೆಂಡಿಗೆ 50 ಚಿತ್ರವನ್ನು 60ರ ಪರದೆಯಲ್ಲಿ ತೋರಿಸಬೇಕಾದರೆ ಪ್ರತಿ ಐದನೆಯ ಚಿತ್ರ ಎರಡು ಸಲ ಬರುತ್ತದೆ. ಮಾರಿಯೋ ಓಡುವಾಗ ಹಿನ್ನೆಲೆ ಕುಪ್ಪಳಿಸಿದ ಹಾಗೆ ಕಾಣುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟನ್ನು 50 ಹರ್ಟ್ಸ್ ಮಾಡಿ. ಎಚ್‌ಡಿಎಂಐ ಮೂಲಕ ಟಿವಿಗೆ ಕೊಟ್ಟಿದ್ದರೆ ನಮ್ಮಲ್ಲಿ ಮಾರುವ ಟಿವಿಗಳಲ್ಲಿ ಹೆಚ್ಚಿನವು 50 ಒಪ್ಪುತ್ತವೆ. ಲ್ಯಾಪ್‌ಟಾಪಿನ ಪರದೆಗಳಲ್ಲಿ ಎಷ್ಟೋ ಒಪ್ಪುವುದಿಲ್ಲ.

ಆಮೇಲೆ ಟಿವಿಯಲ್ಲಿ ಗೇಮ್ ಮೋಡ್, ಕಂಟ್ರೋಲರ್‌ಗೆ ಬ್ಲೂಟೂತ್ ಬದಲು ಯುಎಸ್‌ಬಿ ವೈರ್. ರೆಟ್ರೋಆರ್ಚ್‌ನಲ್ಲಿ ಲೇಟೆನ್ಸಿ ಪಟ್ಟಿಯೊಳಗೆ ರನ್-ಅಹೆಡ್ ಅಂತ ಒಂದಿದೆ, ಗೇಮ್ ಒಳಗಿನ ತಡವನ್ನೇ ಅದು ಕಡಿಮೆ ಮಾಡುತ್ತದೆ. 1 ಫ್ರೇಮ್ ಸಾಕು. ಹೆಚ್ಚು ಕೊಟ್ಟರೆ ಮಾರಿಯೋ ನೆಲ ಬಿಡುವ ಮೊದಲ ಭಂಗಿಯೇ ಮಾಯವಾಗಿ, ನೇರ ಗಾಳಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಚಿತ್ರವನ್ನು 4:3ರಲ್ಲೇ ಇಡಿ. 16:9ಕ್ಕೆ ಎಳೆದು ತುಂಬಿಸಿದರೆ ಮಾರಿಯೋ ಮಾತ್ರ ದಪ್ಪಗಾಗುವುದಲ್ಲ, ಹಳ್ಳದ ಅಗಲವನ್ನು ಕಣ್ಣು ತಪ್ಪು ಅಂದಾಜು ಮಾಡುತ್ತದೆ.

ಗೇಮ್‌ಗಳು ನಿಜಕ್ಕೂ ಚೆನ್ನಾಗಿದ್ದವೇ ಅನ್ನುವ ಪ್ರಶ್ನೆಗೆ ಬರೋಣ. ಎಲ್ಲವೂ ಅಲ್ಲ. ಐಸ್ ಕ್ಲೈಂಬರ್ (1985) ನನ್ನ ಮಟ್ಟಿಗೆ ಕೆಟ್ಟ ಗೇಮ್. ಹಾರಿದರೆ ಮೇಲಕ್ಕೆ ಬೇಕಾದಷ್ಟು ಹೋಗುತ್ತೀರಿ, ಪಕ್ಕಕ್ಕೆ ಮಾತ್ರ ಅಂಗುಲದಷ್ಟು. ಅಂಚಿಗೆ ಕಾಲು ತಾಗಿತು ಅಂದುಕೊಂಡರೆ ಅದರೊಳಗಿಂದಲೇ ಕೆಳಗೆ ಬೀಳುತ್ತೀರಿ. ಅದೇ ವರ್ಷದ, ಅದೇ ಕಂಪನಿಯ ಸೂಪರ್ ಮಾರಿಯೋ ಪಕ್ಕದಲ್ಲಿಟ್ಟು ನೋಡಿ. ಬಟನ್ ಎಷ್ಟು ಹೊತ್ತು ಒತ್ತುತ್ತೀರೋ ಅಷ್ಟು ಎತ್ತರದ ಜಿಗಿತ, ಓಡಿ ಬಂದರೆ ಇನ್ನೂ ಎತ್ತರ, ಗಾಳಿಯಲ್ಲಿದ್ದಾಗಲೂ ದಿಕ್ಕು ತಿದ್ದಬಹುದು. ಇಡೀ ಗೇಮ್ ಕೂತಿರುವುದು 40 ಕಿಲೋಬೈಟ್‌ನಲ್ಲಿ, ಪ್ರೋಗ್ರಾಮಿಗೆ 32, ಚಿತ್ರಗಳಿಗೆ 8. ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಚಿತ್ರದಲ್ಲಿ ಜಿಪುಣತನ ಮಾಡಿ ಜಿಗಿತಕ್ಕೆ ಧಾರಾಳವಾಗಿ ಖರ್ಚು ಮಾಡಿದರು, ಸರಿಯಾದ ಜಾಗದಲ್ಲೇ ಉಳಿಸಿದರು.

ನಮ್ಮವರು ‘ಟ್ಯಾಂಕ್’ ಅಂತಲೇ ಕರೆಯುತ್ತಿದ್ದ ಬ್ಯಾಟಲ್ ಸಿಟಿ (ನಾಮ್ಕೊ, 1985) ಇಬ್ಬರು ಕೂತು ಆಡುವುದಕ್ಕೆ ಇವತ್ತಿಗೂ ಸಾಟಿಯಿಲ್ಲದ್ದು. ಹಂತಕ್ಕೆ 20 ಶತ್ರು ಟ್ಯಾಂಕ್, 35 ಹಂತ, ಕಾಯಬೇಕಾದದ್ದು ಒಂದೇ ಹದ್ದು. ಜತೆಗಾರನಿಗೆ ಗುಂಡು ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಕೈಕಾಲು ಕಟ್ಟಿದ ಹಾಗೆ ನಿಲ್ಲುತ್ತಾನೆ. ಜಗಳಕ್ಕೂ ಆಟಕ್ಕೂ ಎಷ್ಟು ಬೇಕೋ ಅಷ್ಟೇ. ಕಾಂಟ್ರಾ (ಕೊನಾಮಿ, 1988) ಕ್ರೂರ, ಆದರೆ ಮೋಸದ್ದಲ್ಲ: ಶತ್ರು ಎಲ್ಲಿಂದ ಬರುತ್ತಾನೆ ಅನ್ನುವುದನ್ನು ಕಲಿತರೆ ಗೆಲ್ಲಬಹುದು. 30 ಜೀವದ ಕೋಡ್ ಹಾಕುವುದಕ್ಕೆ ನಾಚಿಕೆ ಬೇಡ. ಟೈಟಲ್ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಆಮೇಲೆ ಸ್ಟಾರ್ಟ್. ಇಬ್ಬರಾದರೆ ಸ್ಟಾರ್ಟ್‌ಗೆ ಮೊದಲು ಸೆಲೆಕ್ಟ್.

ಉದ್ಯಮದ ಬಗ್ಗೆ ನನಗಿರುವ ತಕರಾರು ಬೇರೆ. ಹಳೆಯ ಗೇಮನ್ನು ಮತ್ತೆ ಮಾರುವಾಗ ಯಾವ ಆವೃತ್ತಿ ಅನ್ನುವುದಕ್ಕೆ ಕಂಪನಿಗಳು ಬೆಲೆಯನ್ನೇ ಕೊಡುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಸೋನಿ ತಂದ, ಹಳೆ ಗೇಮ್‌ಗಳನ್ನು ಒಳಗೇ ತುಂಬಿಟ್ಟ ಪುಟ್ಟ ಯಂತ್ರ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ 20 ಗೇಮ್ ಇದ್ದವು, ಜಪಾನಿನ ಹೊರಗೆ ಮಾರಿದ್ದರಲ್ಲಿ ಒಂಬತ್ತು 50 ಹರ್ಟ್ಸ್‌ನ ಯುರೋಪ್ ಆವೃತ್ತಿಗಳು. ಬೈಗುಳ ತಿಂದದ್ದು ಸರಿಯೇ. ನಮಗೆ ಆಗಿರುವುದು ಇದರ ತಿರುವುಮುರುವು, 50 ಬೇಕಾದವರಿಗೆ 60 ಮಾತ್ರ ಸಿಗುತ್ತದೆ. ಒಂದು ಸ್ವಿಚ್ ಕೊಟ್ಟರೆ ಮುಗಿಯಿತು. ಪುಕ್ಕಟೆ ಎಮ್ಯುಲೇಟರ್ ಬರೆಯುವವರು ಯಾವಾಗಲೋ ಕೊಟ್ಟಿದ್ದಾರೆ.

ಅದಕ್ಕಿಂತ ದೊಡ್ಡದು, ಕೊಳ್ಳುವುದಕ್ಕೇ ಸಿಗದಿರುವುದು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ ಶೇ. 87ರಷ್ಟು ಅಂಗಡಿಯಲ್ಲಿ ಯಾವ ರೂಪದಲ್ಲೂ ಇರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗಳನ್ನು ಮುಚ್ಚಿತು. ಈಗ ಮಾರಿಯೋ ಬೇಕೆಂದರೆ ನಿಂಟೆಂಡೊದ ‘ಸ್ವಿಚ್’ ಅನ್ನುವ ಯಂತ್ರದಲ್ಲಿ ಚಂದಾ ಕಟ್ಟಬೇಕು, ಚಂದಾ ನಿಂತರೆ ಗೇಮೂ ನಿಲ್ಲುತ್ತದೆ. ಕೊನಾಮಿ ಈ ವಿಷಯದಲ್ಲಿ ಮೇಲು. 2019ರ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೂ ಬಂತು. ಅದರಲ್ಲಿ ಫ್ಯಾಮಿಕಾಮ್ ಆವೃತ್ತಿಯೂ ಇದೆ, ಕಾಡಿನ ಎಲೆಗಳು ಅಲ್ಲಾಡುವುದನ್ನು ನೋಡಬೇಕೆಂದರೆ ಅದನ್ನೇ ಆಡಿ.

ಹಳೆ ಪೆಟ್ಟಿಗೆಯನ್ನೇ ಎಬ್ಬಿಸಬೇಕು ಅಂತಿದ್ದರೆ ಮೊದಲು ಅಡಾಪ್ಟರ್ ನೋಡಿ. ಜಪಾನಿನ ಅಸಲಿ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ತದ್ರೂಪುಗಳಲ್ಲಿ 9 ವೋಲ್ಟ್ ಡಿಸಿ ಸಾಮಾನ್ಯ, ಆದರೆ ನಡುವಿನ ಪಿನ್ ಪಾಸಿಟಿವೋ ನೆಗೆಟಿವೋ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಪೆಟ್ಟಿಗೆಯ ಹಿಂದಿನ ಗುರುತು ನೋಡದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕ ಯಾವುದೋ ಅಡಾಪ್ಟರ್ ಚುಚ್ಚಿದರೆ ಒಳಗಿನ 7805 ರೆಗ್ಯುಲೇಟರ್ ಹೋಗುತ್ತದೆ, ಅದೃಷ್ಟ ಕೆಟ್ಟಿದ್ದರೆ ಚಿಪ್ಪೂ ಅದರ ಹಿಂದೆ. ಪರದೆಯ ಮೇಲೆ ದಪ್ಪ ಪಟ್ಟಿ ನಿಧಾನವಾಗಿ ಮೇಲಕ್ಕೆ ಸರಿಯುತ್ತಾ ಗುಂಯ್ ಅನ್ನುತ್ತಿದ್ದರೆ ಅಡಾಪ್ಟರ್ ಅಥವಾ ಬೋರ್ಡಿನ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ.

ಕ್ಯಾಸೆಟ್‌ಗೆ ಊದಬೇಡಿ. ಊದಿದ್ದರಿಂದ ಯಾವತ್ತೂ ಸರಿಯಾಗಲಿಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಸರಿಯಾಯಿತು. ಬಾಯಿಯ ತೇವ ಪಿನ್ನಿಗೆ ಹಸಿರು ಕಿಲುಬು ಹಿಡಿಸುತ್ತದೆ. ಶೇ. 90ಕ್ಕಿಂತ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಿವಿ ಹತ್ತಿಕಡ್ಡಿ ಅದ್ದಿ, ಪಿನ್ನಿನ ಉದ್ದಕ್ಕೆ ಒರೆಸಿ. ಅಡ್ಡ ಒರೆಸಿದರೆ ಒಂದರ ಕೊಳೆ ಪಕ್ಕದ್ದಕ್ಕೆ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೂ ಮಾಡಿ, ಹತ್ತು ನಿಮಿಷ ಒಣಗಲು ಬಿಡಿ. ಕಪ್ಪು ಕಚ್ಚಿದ್ದರೆ ಮಾತ್ರ ಪೆನ್ಸಿಲ್ ರಬ್ಬರ್, ಅದೂ ಹಗುರವಾಗಿ. ಲೇಪ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಹೊಸ ಟಿವಿಗೆ ಜೋಡಿಸುವಾಗ ಹಳದಿ ಎವಿ ಜ್ಯಾಕ್ ಇಲ್ಲದಿದ್ದರೆ 3.5 ಎಂಎಂ ತೂತು ಇರಬಹುದು, ಆ ಟಿವಿಗೆ ಹೊಂದುವ ಕೇಬಲ್ಲೇ ಬೇಕು. ಬೇರೆ ಕೇಬಲ್ ಹಾಕಿದರೆ ಚಿತ್ರದ ಸಿಗ್ನಲ್ ಸ್ಪೀಕರಿಗೆ ಹೋಗಿ ಬರೀ ಕಿರಿಚಾಟ. ಅಗ್ಗದ ಎವಿ-ಎಚ್‌ಡಿಎಂಐ ಡಬ್ಬಿಗಳು ಕೆಲಸ ಮಾಡುತ್ತವೆ, ಆದರೆ ಅವು ಈ ಚಿತ್ರವನ್ನು ಸಾಮಾನ್ಯ ಟಿವಿ ಕಾರ್ಯಕ್ರಮ ಅಂದುಕೊಂಡು ಎರಡೆರಡು ಫೀಲ್ಡ್ (ಟಿವಿ ಚಿತ್ರದ ಅರ್ಧರ್ಧ ಭಾಗ) ಬೆಸೆಯುತ್ತವೆ. ಏಟು ತಿಂದ ಮೇಲೆ ಮಿನುಗಬೇಕಾದ ಮಾರಿಯೋ ಪೂರ್ತಿ ಮಾಯವಾಗುವುದು, ಇಲ್ಲವೇ ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣುವುದು ಅದಕ್ಕೇ. ದುಡ್ಡು ಹಾಕುವುದಿದ್ದರೆ ಹಳೆ ಗೇಮ್‌ಗಳಿಗೆಂದೇ ಮಾಡಿದ ರೆಟ್ರೋಟಿಂಕ್‌ನಂಥ ಡಬ್ಬಿಗೆ ಹಾಕಿ.

ಬಾತುಕೋಳಿ ಹೊಡೆಯುವ ಗನ್ ಇದೆ ಅಂತ ಖುಷಿಪಡಬೇಡಿ, ಎಲ್‌ಇಡಿ ಟಿವಿಯಲ್ಲಿ ಅದು ನಡೆಯದು. ಟ್ರಿಗರ್ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ, ಗನ್ನಿನೊಳಗಿನ ಸೆನ್ಸರ್ ಅದೇ ಫ್ರೇಮಿನಲ್ಲಿ ಆ ಬೆಳಕನ್ನು ಹುಡುಕುತ್ತದೆ. ಡಬ್ಬಾ ಟಿವಿ ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಗೆರೆ ಎಳೆಯುವಾಗಿನ ಮಿಣುಕನ್ನು ಮಾತ್ರ ಗುರುತಿಸುವಂತೆ ನಿಂಟೆಂಡೊ ಅದನ್ನು ಮಾಡಿತ್ತು. ಎಲ್‌ಇಡಿಯಲ್ಲಿ ಆ ಮಿಣುಕೂ ಇಲ್ಲ, ಬೆಳಕೂ ಹೊತ್ತಿಗೆ ಬರುವುದಿಲ್ಲ. ಅದಕ್ಕಾಗಿ ಗುಜರಿಯಲ್ಲಿ 14 ಇಂಚಿನ ಒಂದು ಡಬ್ಬಾ ಟಿವಿ ಹುಡುಕಿ. ಕೊಳ್ಳುವ ಮೊದಲು ಚಾಲೂ ಮಾಡಿಸಿ, ಬಿಳಿ ಪರದೆ ಅರ್ಧ ನಿಮಿಷದೊಳಗೆ ಪೂರ್ತಿ ಬೆಳಗುತ್ತದೆಯೇ ನೋಡಿ. ಹತ್ತು ನಿಮಿಷ ಕಾದರೂ ಮಂಕಾಗಿಯೇ ಇದ್ದರೆ ಪಿಕ್ಚರ್ ಟ್ಯೂಬ್ ಸವೆದಿದೆ, ಪುಕ್ಕಟೆ ಕೊಟ್ಟರೂ ಬೇಡ. ಹಿಂದಿನ ಕವಚ ಮಾತ್ರ ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.