ಹಾಟ್ ರಾಡ್ ಬಗ್ಗೆ ಬರೆದವರಲ್ಲಿ ಯಾರನ್ನು ಓದಬೇಕು?

ಹಾಟ್ ರಾಡ್, ಹಳೆ ಕಾರುಗಳ ಬಗ್ಗೆ ಬರೆದವರಲ್ಲಿ ನೆನಪಿಡಲೇಬೇಕಾದ ಒಬ್ಬರು ಯಾರು, ಯಾಕೆ ಅಂತ ಕೇಳಿದ್ದೀರಿ. ನನ್ನ ಉತ್ತರ ಅಮೆರಿಕದ ಡೀನ್ ಬ್ಯಾಚಲರ್. 1948ರಲ್ಲಿ 'ಹಾಟ್ ರಾಡ್' ಪತ್ರಿಕೆ ಹುಟ್ಟುಹಾಕಿದವರಲ್ಲಿ ಒಬ್ಬರಾದ ರಾಬರ್ಟ್ ಪೀಟರ್ಸನ್, ಅದೇ ಪತ್ರಿಕೆಯ ಸಂಪಾದಕರಾಗಿದ್ದುಕೊಂಡು 1951ರಲ್ಲಿ ಎನ್‌ಎಚ್‌ಆರ್‌ಎ ಅನ್ನುವ ಡ್ರ್ಯಾಗ್ ರೇಸ್ ಸಂಘ ಕಟ್ಟಿದ ವಾಲಿ ಪಾರ್ಕ್ಸ್, ಇವರ ಹೆಸರು ಎಲ್ಲಿ ಹುಡುಕಿದರೂ ಸಿಗುತ್ತೆ. ಬ್ಯಾಚಲರ್ ಹೆಸರು ಅಷ್ಟಾಗಿ ಕಿವಿಗೆ ಬೀಳಲ್ಲ. ಬರವಣಿಗೆ ವಿಷಯಕ್ಕೆ ಬಂದರೆ ಮಾತ್ರ ನನ್ನ ಓಟು ಅವರಿಗೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1932ರಲ್ಲಿ ಫೋರ್ಡ್ ಕಂಪನಿ ಜನಸಾಮಾನ್ಯರ ಕೈಗೆಟುಕುವ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ತಂತು. ನಾಲ್ಕಾರು ವರ್ಷದಲ್ಲಿ ಆ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗತೊಡಗಿದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವುಗಳ ಮಡ್‌ಗಾರ್ಡು, ಬಾನೆಟ್ಟು, ಮುಂದಿನ ಗಾಜು ಎಲ್ಲ ಕಳಚಿ ಹಗುರ ಮಾಡಿ, ಎಂಜಿನ್ ಬಿಚ್ಚಿ ಜೋರು ಮಾಡಿ, ಮ್ಯುರಾಕ್‌ನಂಥ ಒಣಗಿದ ಸರೋವರಗಳ ಗಟ್ಟಿ ನೆಲದ ಮೇಲೆ ಓಡಿಸುತ್ತಿದ್ದರು. ಹೀಗೆ ಬದಲಾಯಿಸಿದ ಕಾರೇ ಹಾಟ್ ರಾಡ್. 1937ರಲ್ಲಿ ಇಂಥ ಹುಡುಗರ ಕ್ಲಬ್‌ಗಳು ಸೇರಿ ಎಸ್‌ಸಿಟಿಎ ಅನ್ನುವ ಸಂಘ ಮಾಡಿಕೊಂಡವು. (ನಮ್ಮಲ್ಲಿ ಇದನ್ನೆಲ್ಲ ಮಾಡಿ ರಸ್ತೆಗಿಳಿದರೆ ಆರ್‌ಟಿಒದವರು ಆರತಿ ಎತ್ತಿ ಸ್ವಾಗತಿಸುತ್ತಾರೆ, ಬಿಡಿ.)

ಬ್ಯಾಚಲರ್ ಈ ಗುಂಪಿನ ಒಳಗಿನವರೇ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್‌ನಲ್ಲಿದ್ದು, ವಿಮಾನ ಉರುಳಿ, ಜರ್ಮನಿಯಲ್ಲಿ ಸೆರೆಯಾಳಾಗಿದ್ದು ಬಂದ ಮನುಷ್ಯ. ಊರಿಗೆ ಮರಳಿದ ಮೇಲೆ, ಬರ್ಬ್ಯಾಂಕ್‌ನಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ಅನ್ನೋ ಬಿಡಿಭಾಗದ ಅಂಗಡಿ ಇಟ್ಟಿದ್ದ ಅಲೆಕ್ಸ್ ಜೈಡಿಯಸ್ ಜೊತೆ ಸೇರಿ ಒಂದು ಕಾರು ಕಟ್ಟಿದರು. ಅದೇ ಸೋ-ಕ್ಯಾಲ್ ಸ್ಟ್ರೀಮ್‌ಲೈನರ್.

ಈ ಕಾರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಆಗ ಎಲ್ಲರ ತಲೆಯಲ್ಲೂ ಇದ್ದದ್ದು ಒಂದೇ ಲೆಕ್ಕ: ವೇಗ ಬೇಕಾ, ದೊಡ್ಡ ಎಂಜಿನ್ ಹಾಕು. ಬ್ಯಾಚಲರ್ ಕಣ್ಣು ಬಿದ್ದದ್ದು ಗಾಳಿಯ ಮೇಲೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ. ಅದನ್ನು ಸೀಳಿಕೊಂಡು ಹೋಗಲು ಬೇಕಾಗುವ ಶಕ್ತಿ ಎಂಟು ಪಟ್ಟು. ಎಂಜಿನ್‌ನಿಂದ ಅಷ್ಟನ್ನೂ ಹಿಂಡಲು ಹೋದರೆ, ಫೋರ್ಡಿನ ಆ ವಿ8 (ಫ್ಲಾಟ್‌ಹೆಡ್ ಅಂತ ಕರೆಯುತ್ತಾರೆ) ಸುಮ್ಮನೆ ಕುದಿಯುತ್ತೆ. ಅದರ ಬಿಸಿ ಹೊಗೆ ಹೊರಗೆ ಹೋಗುವ ದಾರಿಯೇ ಎಂಜಿನ್ ಬ್ಲಾಕ್‌ನ ಒಳಗೆ, ನೀರಿನ ಜಾಗದ ಮಧ್ಯೆ. ಬಿಸಿಯೆಲ್ಲ ನೀರಿಗೇ ಇಳಿಯುತ್ತೆ. ಅದಕ್ಕೇ ಚಕ್ರ ಸಮೇತ ಇಡೀ ಕಾರನ್ನು ಮುಚ್ಚುವ ನುಣುಪಾದ ಅಲ್ಯೂಮಿನಿಯಂ ಮೈಯನ್ನು ವ್ಯಾಲಿ ಕಸ್ಟಮ್ ಅನ್ನೋ ಕಾರು ಬಾಡಿ ಅಂಗಡಿಯವರ ಕೈಯಲ್ಲಿ ಮಾಡಿಸಿದರು. ಯುದ್ಧಕ್ಕೆ ಮೊದಲು ಜರ್ಮನ್ನರು ಕಟ್ಟಿದ್ದ ದಾಖಲೆ ಕಾರುಗಳು ಅವರ ಮನಸ್ಸಿನಲ್ಲಿ ಕೂತಿದ್ದವು.

1949ರ ಆಗಸ್ಟ್‌ನಲ್ಲಿ ಯೂಟಾದ ಬೊನ್ನೆವಿಲ್ ಉಪ್ಪಿನ ಬಯಲಿನಲ್ಲಿ ಎಸ್‌ಸಿಟಿಎ ಮೊದಲ ಸಲ ಸ್ಪರ್ಧೆ ನಡೆಸಿತು. ಫೋರ್ಡಿನ ಪುಟ್ಟ ವಿ8-60, ಅಂದರೆ ಕಾರ್ಖಾನೆಯಿಂದ ಬರುವಾಗ ಬರೀ 60 ಅಶ್ವಶಕ್ತಿಯ ಎಂಜಿನ್, ಈ ಮೈಯೊಳಗೆ ಕೂತು ಗಂಟೆಗೆ 150 ಮೈಲಿ ದಾಟಿತು. ಅದೇ ಕಾರಿಗೆ ಫೋರ್ಡ್ ಕಂಪನಿಯದೇ ದೊಡ್ಡ ಮರ್ಕ್ಯುರಿ ಎಂಜಿನ್ ಹಾಕಿದಾಗ ಹೋಗಿಬರುವ ಎರಡು ಓಟದ ಸರಾಸರಿ 189 ಮೈಲಿ ಮೀರಿತು, ಸುಮಾರು 305 ಕಿಲೋಮೀಟರ್. ಮುಂದಿನ ವರ್ಷ 200 ಮೈಲಿಯೂ ದಾಟಿತು. 1951ರಲ್ಲಿ ಡೇಟೋನಾ ಕಡಲತೀರದಲ್ಲಿ ಕಾರು ಪಲ್ಟಿ ಹೊಡೆದು ಹಾಳಾಯಿತು.

ಇಷ್ಟು ಮಾಡಿದವರು ಆಮೇಲೆ ಪೆನ್ನು ಹಿಡಿದರು ಅನ್ನೋದೇ ನನಗೆ ಮುಖ್ಯ. 'ಹಾಪ್ ಅಪ್' ಪತ್ರಿಕೆಯ ಸಂಪಾದಕರಾದರು, ಮುಂದೆ 'ರೋಡ್ ಅಂಡ್ ಟ್ರ್ಯಾಕ್'ಗೂ. ಅಂದಿನ ದಿನಪತ್ರಿಕೆಗಳ ಕಣ್ಣಿಗೆ ಹಾಟ್ ರಾಡ್ ಹುಡುಗರೆಂದರೆ ಪುಂಡರು. 1960ರ ದಶಕದಲ್ಲಿ ಲೇಖಕ ಟಾಮ್ ವುಲ್ಫ್ ನ್ಯೂಯಾರ್ಕಿನಿಂದ ಬಂದು ನೋಡಿ ಬರೆದದ್ದು ಇನ್ನೊಂದು ತುದಿ. ಓದಲು ಮಜಾ ಇದೆ, ಆದರೆ ಜಾತ್ರೆಗೆ ಬಂದವರು ತೇರು ನೋಡಿ ಬರೆದ ಹಾಗೆ. ಬ್ಯಾಚಲರ್ ತೇರು ಕಟ್ಟಿ ಎಳೆದವರು. ಹೊಗಳಿಕೆ, ರೋಚಕತೆ ಅವರ ಬರಹದಲ್ಲಿ ಹುಡುಕಿದರೂ ಸಿಗಲ್ಲ. ಯಾರು ಕಟ್ಟಿದರು, ಯಾವ ಎಂಜಿನ್, ಎಲ್ಲಿ, ಎಷ್ಟು ವೇಗ, ಅಷ್ಟೇ. ಕೆಲವು ಪುಟ ಒಣಒಣ ಅನ್ನಿಸುವುದೂ ನಿಜ. ಆದರೆ ಈ ಹವ್ಯಾಸದಲ್ಲಿ ಪ್ರತಿ ಅಜ್ಜನ ಬಾಯಲ್ಲೂ ಹಳೆ ಕಾರಿನ ವೇಗ ವರ್ಷಕ್ಕೆ ಹತ್ತು ಮೈಲಿ ಏರುತ್ತಾ ಹೋಗುವುದರಿಂದ, ಇಂಥ ಒಣ ಲೆಕ್ಕ ಬರೆದಿಟ್ಟವರೊಬ್ಬರು ಬೇಕೇ ಬೇಕಿತ್ತು.

ಅವರು ತೀರಿಕೊಂಡದ್ದು 1994ರಲ್ಲಿ. ಲಾಸ್ ಏಂಜಲೀಸ್‌ನ ಮೋಟರ್ ಪ್ರೆಸ್ ಗಿಲ್ಡ್ ಅವರ ಹೆಸರಲ್ಲಿ ವಾಹನ ಪತ್ರಿಕೋದ್ಯಮಕ್ಕೆ ಪ್ರಶಸ್ತಿ ಕೊಡುತ್ತೆ. ಒಂದೇ ಪುಸ್ತಕ ಓದುತ್ತೀರಾದರೆ ಅವರ 'ದಿ ಅಮೆರಿಕನ್ ಹಾಟ್ ರಾಡ್' ಓದಿ. ಪಳಪಳ ಹೊಳೆಯುವ ಬಣ್ಣದ ಚಿತ್ರಗಳ ಆಸೆ ಇದ್ದರೆ ಬೇರೆ ಪುಸ್ತಕ ನೋಡಿ. ಇದು ಕಪ್ಪು-ಬಿಳುಪು ಫೋಟೋ, ಧೂಳು ಮತ್ತು ಗ್ರೀಸ್ ಇಷ್ಟಪಡುವವರಿಗೆ.