ಪ್ರತಿಕ್ರಿಯೆ: ನಿಂತಿದ್ದ ಹಳೇ 1210 ಲಾರಿ ಸ್ಟಾರ್ಟ್ ಆಗಿ ತಕ್ಷಣ ಬಂದ್ ಆಗುತ್ತಿದೆ

ಹುಮನಾಬಾದಿನ ಶೆಡ್‌ನಲ್ಲಿ ನಿಂತಿದ್ದ ಟಾಟಾ 1210 ಸ್ಟಾರ್ಟ್ ಆಗಿ ಕೂಡಲೇ ಬಂದ್ ಆಗುತ್ತದೆ ಅಂದಿರಲ್ವಾ, ಡೀಸೆಲ್ ಲೈನ್ ಏರ್ ಹಿಡಿದಿರುವ (ಪೈಪಿನೊಳಗೆ ಗಾಳಿ ಸೇರಿರುವ) ಸಾಧ್ಯತೆಯೇ ಜಾಸ್ತಿ. ಸುಮ್ನೆ ಸೆಲ್ಫ್ ಹೊಡೀಬೇಡಿ, ಬ್ಯಾಟರಿ ಇಳಿಯುತ್ತದೆ. ಮೊದಲು ಟ್ಯಾಂಕಿನಲ್ಲಿ ಡೀಸೆಲ್ ನೋಡಿ. ಆಮೇಲೆ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತುವ ಗುಂಡಿ) ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್ ಬಂದಾಗ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ದೊಡ್ಡ ಪಂಪಿನ ಏರ್ ಸ್ಕ್ರೂಗೂ ಹೀಗೆಯೇ. ಸೋಲಾಪುರ ಲೈನಿನ ಹಳೇ ಡ್ರೈವರ್‌ಗಳು ರಾತ್ರಿ ಟಾರ್ಚ್ ಹಿಡಿದು ಇದನ್ನು ಕ್ಲೀನರ್ ಕೈಯಲ್ಲೇ ಮಾಡಿಸುತ್ತಿದ್ದರು, ನೀವೂ ಧಾರಾಳವಾಗಿ ಮಾಡಬಹುದು.

ಮರುದಿನ ಮತ್ತೆ ಏರ್ ಹಿಡಿದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪ್, ತಾಮ್ರದ ವಾಷರ್ ಬದಲಿಸಿ. ನಮ್ಮ ಗಾಡಿಯಲ್ಲೂ ಕಳ್ಳ ಅಲ್ಲೇ ಇದ್ದ: ಹೊರಗೆ ಒಂದು ತೊಟ್ಟೂ ಸೋರದೆ ಗಾಳಿ ಒಳಗೆ ಎಳೆಯುತ್ತಿತ್ತು. ಆಗಲೂ ನಿಂತರೆ ಫೀಡ್ ಪಂಪಿನ ವಾಲ್ವ್ ಇರಬಹುದು, ಕಲಬುರಗಿಯಲ್ಲಿ ಡೀಸೆಲ್ ಪಂಪ್ ಕೆಲಸದವರಿಗೆ ತೋರಿಸಿ.