ಹಿತ್ತಿಲ ಪ್ರಶ್ನೋತ್ತರ: ಹಿಮ ಬೀಳುವ ಊರಿನಲ್ಲಿ ಸಕ್ಯುಲೆಂಟ್

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಎಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ, ಗುಲಾಬಿಯಂತೆ ಎಲೆ ಜೋಡಿಸಿಕೊಂಡ ಸಕ್ಯುಲೆಂಟ್‌ಗಳನ್ನು ತಂದು, ಚೆಂದದ ಪಿಂಗಾಣಿ ಕುಂಡದಲ್ಲಿ ನೆಟ್ಟು ಮರದ ಜಗಲಿ (ಡೆಕ್) ಮೇಲೆ ಇಟ್ಟಿದ್ದೆ. ಪಕ್ಕದ ಮನೆಯವರ ಇಂಥವೇ ಗಿಡಗಳು ಹಿಮದಡಿ ಆರಾಮಾಗಿದ್ದವು. ನನ್ನವನ್ನು ಏಪ್ರಿಲ್‌ನಲ್ಲಿ ನೋಡಿದರೆ ಬರೀ ಲೋಳೆ. ಒಂದು ಮಾತ್ರ ಅರ್ಧಂಬರ್ಧ ಉಳಿದಿದೆ. ಯಾಕೆ ಹೀಗಾಯಿತು, ಅಕ್ಕಾ?
(ಓದುಗರೊಬ್ಬರು, ಮಿನಿಯಾಪೊಲಿಸ್)

ಉತ್ತರ: ಲೋಳೆಯಾದದ್ದು ಎಕೆವೇರಿಯಾ, ಉಳಿದದ್ದು ಸೆಂಪರ್ವೈವಮ್ ಇರಬೇಕು ಎಂದು ನನ್ನ ಗುಮಾನಿ. ಎರಡನ್ನೂ ಒಂದೇ ಟ್ರೇಯಲ್ಲಿಟ್ಟು 'ಸಕ್ಯುಲೆಂಟ್' ಎಂದಷ್ಟೇ ಚೀಟಿ ಅಂಟಿಸಿ ಮಾರುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಕೆವೇರಿಯಾ ಮೆಕ್ಸಿಕೊ ಕಡೆಯದು, ಮಿನೆಸೊಟಾದ ಚಳಿ ಅದಕ್ಕೆ ಆಗುವುದಲ್ಲ. ಸೆಂಪರ್ವೈವಮ್ ಆಲ್ಪ್ಸ್, ಪಿರನೀಸ್, ಬಾಲ್ಕನ್ ಬೆಟ್ಟಗಳ ಬಂಡೆಸಂದಿನಲ್ಲಿ ಬೆಳೆಯುವಂಥದ್ದು. 'ಹೆನ್ಸ್ ಆ್ಯಂಡ್ ಚಿಕ್ಸ್' ಎಂಬ ಹೆಸರನ್ನು ಎರಡಕ್ಕೂ ಹೇಳುವವರಿದ್ದಾರೆ, ಹಾಗಾಗಿ ಹೆಸರು ಕೇಳಬೇಡಿ, ಎಲೆ ನೋಡಿ. ಎಕೆವೇರಿಯಾದ ಎಲೆ ದಪ್ಪ, ಮೇಣ ಬಳಿದ ಹಾಗೆ, ಸಂಖ್ಯೆಯೂ ಕಡಿಮೆ. ಸೆಂಪರ್ವೈವಮ್‌ನ ಎಲೆಗಳು ತೆಳ್ಳಗೆ, ಚೂಪಾಗಿ, ಒತ್ತೊತ್ತಾಗಿರುತ್ತವೆ. ಬೆಳಕಿಗೆ ಹಿಡಿದರೆ ಹೆಚ್ಚಿನವುಗಳ ಅಂಚಿನಲ್ಲಿ ಸಣ್ಣ ರೋಮಗಳು ಕಾಣುತ್ತವೆ.

ಆದರೆ ನಿಮ್ಮ ಸೆಂಪರ್ವೈವಮ್ ಕೂಡ ಅರ್ಧ ಹೋಯಿತಲ್ಲ? ಅದು ಚಳಿಯ ಕೆಲಸವಲ್ಲ, ನೀರಿನದ್ದು. ಹಗಲು ಮೋಟಾಗುತ್ತಾ ಬಂದಂತೆ ಈ ಗಿಡ ತನ್ನೊಳಗಿನ ನೀರನ್ನು ಇಳಿಸಿಕೊಂಡು, ಜೀವಕೋಶಗಳಲ್ಲಿ ಸಕ್ಕರೆ ಅಂಶ ಹೆಚ್ಚಿಸಿಕೊಂಡು, ಮುದುಡಿ ಕೂರುತ್ತದೆ. ಎಷ್ಟೋ ತಳಿಗಳು ಕೆಂಪಗಾಗುತ್ತವೆ. ಹಾಗೆ ತಯಾರಾದ ಗಿಡ ಮೈನಸ್ 30 ಡಿಗ್ರಿಯನ್ನೂ ತಡೆಯುತ್ತದೆ. ಅಕ್ಟೋಬರಿನಲ್ಲೂ ನೀರು ಹೊಯ್ದು, ಗೊಬ್ಬರ ಕೊಟ್ಟು ಉಬ್ಬಿಸಿಟ್ಟರೆ ಒಳಗಿನ ನೀರೇ ಮಂಜುಗಡ್ಡೆಯಾಗಿ ಕೋಶಗಳನ್ನು ಒಡೆಯುತ್ತದೆ. ಆಗಸ್ಟ್ ನಂತರ ಗೊಬ್ಬರ ಬೇಡ, ಸೆಪ್ಟೆಂಬರ್ ಮುಗಿದ ಮೇಲೆ ಕೊಡಪಾನ ಬಚ್ಚಿಡಿ. (ನಮ್ಮನೆಯವರಿಗೆ ಗಿಡ ಕಂಡರೆ ನೀರು ಹಾಕದೆ ಕೈ ನಿಲ್ಲದು, ಅದಕ್ಕೇ ಬಚ್ಚಿಡಿ ಎಂದೆ.)

ಕುಂಡದ ತಳದಲ್ಲಿ ತೂತು ಇದೆಯೇ? ಇಲ್ಲದಿದ್ದರೆ ಅದರಲ್ಲಿ ಪೆನ್ನು ಇಟ್ಟುಕೊಳ್ಳಿ, ಗಿಡ ಬೇಡ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬುದು ಸುಳ್ಳು. ನೀರು ಜಲ್ಲಿಯ ಮೇಲಿನ ಮಣ್ಣಲ್ಲೇ ನಿಂತು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಮಣ್ಣಿಗೇ ಅರ್ಧದಷ್ಟು ಒರಟು ಕಲ್ಲುಪುಡಿ ಬೆರೆಸಿ. ನಾನು ಬಳಸುವುದು ರೈತರ ಅಂಗಡಿಯಲ್ಲಿ ಕೋಳಿಗಳಿಗೆಂದು ಮಾರುವ ಗ್ರಾನೈಟ್ ಗ್ರಿಟ್. ತೋಟಗಾರಿಕೆ ಅಂಗಡಿಯಲ್ಲಿ ಸಿಗುವ ಹಗುರ ಜ್ವಾಲಾಮುಖಿ ಕಲ್ಲಾದ ಪ್ಯೂಮಿಸ್‌ಗಿಂತ ಎಷ್ಟೋ ಅಗ್ಗ.

ಝೋನ್ ಲೆಕ್ಕವೂ ಗೊತ್ತಿರಲಿ. ಊರಿನ ಚಳಿ ಎಷ್ಟೆಂದು ಹೇಳುವ ಅಂಕಿ ಇದು, ಅಂಕಿ ಕಡಿಮೆಯಾದಷ್ಟೂ ಚಳಿ ಹೆಚ್ಚು. ಝೋನ್ 4 ಎಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿಯಲ್ಲಿ ಮೈನಸ್ 34ರಿಂದ ಮೈನಸ್ 29 ಸೆಲ್ಸಿಯಸ್. ಇದು ನೆಲದಲ್ಲಿ ನೆಟ್ಟ ಗಿಡಕ್ಕೆ. ಕುಂಡದ ಬೇರಿಗೆ ಚಳಿ ಸುತ್ತಲಿಂದಲೂ ಹೊಡೆಯುವುದರಿಂದ ನಿಮ್ಮ ಊರಿನದಕ್ಕಿಂತ ಎರಡು ಝೋನ್ ಹೆಚ್ಚು ಚಳಿ ತಡೆಯುವ ಗಿಡ ಆರಿಸಿ. ನವೆಂಬರಿನಲ್ಲಿ ಕುಂಡವನ್ನು ಡೆಕ್ ಮೇಲಿಂದ ಇಳಿಸಿ, ಸೂರಿನಡಿ ನೆಲಕ್ಕೆ ತಾಗಿಸಿಡಿ. ಪಾಪ ಎಂದು ಮನೆಯೊಳಗೆ ಮಾತ್ರ ತರಬೇಡಿ. ಹೀಟರ್ ಬಿಸಿ, ಮಂಕು ಬೆಳಕು ಸೇರಿ ಗಿಡ ಉದ್ದುದ್ದ ಎಳೆದು ಕೆಡುತ್ತದೆ.

ಪ್ರಶ್ನೆ: ಮನೆಯ ಮುಂದಿನ ಒಣ ಇಳಿಜಾರಿನಲ್ಲಿ ಪಾಪಾಸುಕಳ್ಳಿ ಹಾಕುವ ಆಸೆ. ಈ ಚಳಿಗೆ ಉಳಿಯುತ್ತದೆಯೇ? ಊರಿಂದ ಬಂದಿರುವ ನಮ್ಮತ್ತೆ, ಮನೆ ಮುಂದೆ ಮುಳ್ಳಿನ ಗಿಡ ಬೇಡವೇ ಬೇಡ ಎನ್ನುತ್ತಿದ್ದಾರೆ.
(ಓದುಗರೊಬ್ಬರು, ಕ್ಯಾಲ್ಗರಿ)

ಉತ್ತರ: ನಮ್ಮೂರ ಬೇಲಿಯ ಪಾಪಾಸುಕಳ್ಳಿ ಉಳಿಯುವುದಿಲ್ಲ, ಅದರ ದಾಯಾದಿಗಳು ಉಳಿಯುತ್ತವೆ. ಒಪುನ್ಷಿಯಾ ಫ್ರಾಜಿಲಿಸ್ ಮತ್ತು ಒಪುನ್ಷಿಯಾ ಪಾಲಿಅಕಾಂತಾ ನಿಮ್ಮ ಆಲ್ಬರ್ಟಾದ ದಕ್ಷಿಣದ ಹುಲ್ಲುಗಾವಲಿನಲ್ಲೇ ಕಾಡು ಬೆಳೆ. ಚಳಿಗಾಲದಲ್ಲಿ ಸುಕ್ಕುಗಟ್ಟಿ ನೆಲಕ್ಕೆ ಮಲಗಿಬಿಡುತ್ತವೆ. ಸತ್ತಿತೆಂದು ಕಿತ್ತು ಬಿಸಾಡಬೇಡಿ, ಮೇ ಹೊತ್ತಿಗೆ ಎದ್ದು ಕೂರುತ್ತವೆ. ನಿಮ್ಮಲ್ಲಿ ಚಿನೂಕ್ ಎಂಬ ಬೆಚ್ಚನೆಯ ಗಾಳಿ ಕೆಲವೇ ಗಂಟೆಯಲ್ಲಿ ಹಿಮ ಕರಗಿಸಿ, ಮರುದಿನ ಮತ್ತೆ ಹೆಪ್ಪುಗಟ್ಟುವುದುಂಟು. ಬುಡದಲ್ಲಿ ಕರಗಿದ ನೀರು ನಿಲ್ಲದಂತೆ ಸುತ್ತ ಜಲ್ಲಿ ಹರಡಿ. ಕಾಡಿನಿಂದ ಅಗೆದು ತರಬೇಡಿ, ನರ್ಸರಿಯಲ್ಲೇ ಕೊಳ್ಳಿ. ಫ್ರಾಜಿಲಿಸ್‌ನ ತುಂಡುಗಳು ಮುರಿದು ನಾಯಿಯ ಕಾಲಿಗೂ ಮಕ್ಕಳ ಬೂಟಿಗೂ ಅಂಟುತ್ತವೆ, ಕಾಲುದಾರಿಯಿಂದ ದೂರವಿರಲಿ.

ಅತ್ತೆಯವರ ವಿಷಯಕ್ಕೆ ನಾನು ತಲೆ ಹಾಕುವುದಿಲ್ಲ. ಆದರೂ ಒಂದು ಉಪಾಯ ಇದೆ: ಅವರಿಗೆ ಸೆಂಪರ್ವೈವಮ್ ತೋರಿಸಿ. ಮುಳ್ಳಿಲ್ಲ. ನಾವು ದೃಷ್ಟಿಗೆಂದು ಬಾಗಿಲಿಗೆ ಲೋಳೆಸರ ಕಟ್ಟುತ್ತೇವಲ್ಲ, ಯುರೋಪಿನವರು ಸಿಡಿಲು ಬಡಿಯದಿರಲಿ ಎಂದು ಇದನ್ನು ಮನೆಯ ಮಾಡಿನ ಮೇಲೆ ಬೆಳೆಸುತ್ತಿದ್ದರು. ಕ್ರಿ.ಶ. 800ರ ಆಸುಪಾಸಿನ, ಚಾರ್ಲಮೇನ್ ಚಕ್ರವರ್ತಿಯ ಕಾಲದ ರಾಜಾಜ್ಞೆಯೊಂದರಲ್ಲಿ ತೋಟಗಾರನ ಮನೆಯ ಮೇಲೆ 'ಜೂಪಿಟರನ ಗಡ್ಡ' ಇರಬೇಕೆಂದಿದೆ. ಅದು ಇದೇ ಗಿಡ, ಜೂಪಿಟರ್ ರೋಮನ್ನರ ಸಿಡಿಲಿನ ದೇವರು. ಅತ್ತೆ ಒಪ್ಪಿದರೂ ಒಪ್ಪಿಯಾರು.

ಪ್ರಶ್ನೆ: ಬೆಂಗಳೂರಿನ ಅಮ್ಮನಿಗೆ ಸೆಂಪರ್ವೈವಮ್ ಮರಿಗಳನ್ನು ಸೂಟ್‌ಕೇಸಿನಲ್ಲಿ ಒಯ್ಯಬಹುದೇ?
(ಓದುಗರೊಬ್ಬರು, ಷಿಕಾಗೊ)

ಉತ್ತರ: ಬೇಡ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ ಒಯ್ಯುವಂತಿಲ್ಲ. ಒಯ್ದರೂ ಬೆಂಗಳೂರಿನಲ್ಲಿ ಅದಕ್ಕೆ ಬೇಕಾದ ಚಳಿಗಾಲವೇ ಇಲ್ಲ. ಅಮ್ಮನಿಗೆ ಅಲ್ಲಿನ ನರ್ಸರಿಯಲ್ಲೇ ಎಕೆವೇರಿಯಾ ಕೊಡಿಸಿ, ಮಳೆ ಎರಚದ ಕಡೆ ಇಡಲು ಹೇಳಿ.

ಪ್ರಶ್ನೆ: ನನ್ನ ಸೆಂಪರ್ವೈವಮ್ ಉದ್ದನೆ ದಂಟು ಎತ್ತಿ ಹೂ ಬಿಟ್ಟಿತು, ಈಗ ಒಣಗುತ್ತಿದೆ. ರೋಗವೇ?
(ಓದುಗರೊಬ್ಬರು, ಟೊರೊಂಟೊ)

ಉತ್ತರ: ರೋಗವಲ್ಲ. ಗೊನೆ ಬಿಟ್ಟ ಬಾಳೆಯ ಹಾಗೆ, ಹೂ ಬಿಟ್ಟ ಗಿಡ ಸಾಯುತ್ತದೆ, ಸುತ್ತಲ ಕಂದುಗಳು ಉಳಿಯುತ್ತವೆ. ಒಣಗಿದ ದಂಟನ್ನು ತಿರುಚಿ ಕಿತ್ತು, ಆ ಗುಳಿಗೆ ಗ್ರಿಟ್ ತುಂಬಿ. ಕಂದುಗಳನ್ನು ಬೇರೆ ಮಾಡುವುದಿದ್ದರೆ ಆಗಸ್ಟ್ ಒಳಗೇ ಮಾಡಿ. ಅಕ್ಟೋಬರಿನಲ್ಲಿ ನೆಟ್ಟರೆ ಬೇರು ಹಿಡಿಯುವ ಮೊದಲೇ ಮಣ್ಣು ಹೆಪ್ಪುಗಟ್ಟಿ ಉಬ್ಬಿ, ಅವನ್ನು ಮೇಲಕ್ಕೆ ಎತ್ತಿ ಹಾಕುತ್ತದೆ.